ಕೂದಲಿಗೆ ಬಣ್ಣ ಹೇಳುವ ಇಂಗ್ಲಿಷು

ಕನ್ನಡ ದಿನಪತ್ರಿಕೆಗಳ ಒಳಪುಟದಲ್ಲಿ ಪೊಲೀಸ್ ಠಾಣೆಗಳು ಕೊಡುವ ‘ಕಾಣೆಯಾಗಿದ್ದಾರೆ’ ಪ್ರಕಟಣೆಗೆ ಒಂದು ಕಟ್ಟಿಟ್ಟ ಭಾಷೆಯಿದೆ. ಇಷ್ಟು ಅಡಿ ಎತ್ತರ, ದುಂಡು ಮುಖ ಇಲ್ಲವೆ ಕೋಲು ಮುಖ, ಸಾಧಾರಣ ಮೈಕಟ್ಟು, ಗೋಧಿ ಮೈಬಣ್ಣ, ತಲೆಯಲ್ಲಿ ಕಪ್ಪು ಕೂದಲು, ಮನೆ ಬಿಟ್ಟಾಗ ತೊಟ್ಟಿದ್ದ ಬಟ್ಟೆ, ಆಡುವ ಭಾಷೆ. ಇದರಲ್ಲಿ ಎತ್ತರ, ಮುಖ, ಬಟ್ಟೆ, ಭಾಷೆ ಎಲ್ಲವೂ ಹುಡುಕುವವನಿಗೆ ಅಷ್ಟಿಷ್ಟು ನೆರವಾಗುತ್ತವೆ. ಕಪ್ಪು ಕೂದಲು ಮಾತ್ರ ಏನನ್ನೂ ಹೇಳುವುದಿಲ್ಲ. ಜಮಖಂಡಿಯ ಬಸ್ ನಿಲ್ದಾಣದಲ್ಲೋ ಬನಹಟ್ಟಿಯ ಸಂತೆಯಲ್ಲೋ ನಿಂತು ಕಪ್ಪು ಕೂದಲಿನವರನ್ನು ಹುಡುಕಿ ಎಂದರೆ ನೆರೆದ ಜನರನ್ನೆಲ್ಲ ಹಿಡಿದು ತನ್ನಿ ಎಂದಂತೆ. ಅಮೆರಿಕದ ಎಷ್ಟೋ ರಾಜ್ಯಗಳ ಡ್ರೈವಿಂಗ್ ಲೈಸೆನ್ಸಿನ ಮೇಲೆ ಕೂದಲಿನ ಬಣ್ಣ, ಕಣ್ಣಿನ ಬಣ್ಣ ಎಂಬ ಎರಡು ಕಲಮುಗಳಿರುತ್ತವೆ. ಅಲ್ಲಿ ಅವು ಕೆಲಸಕ್ಕೆ ಬರುತ್ತವೆ, ಏಕೆಂದರೆ ಒಂದೇ ಬೀದಿಯಲ್ಲಿ ಐದು ಬಗೆಯ ಕೂದಲು ಓಡಾಡುತ್ತದೆ. ಅದೇ ಕಲಮನ್ನು ನಮ್ಮಲ್ಲಿಗೆ ತಂದು ‘ಕಪ್ಪು’ ಎಂದು ತುಂಬಿದರೆ ಅದು ಬರೀ ಜಾಗ ತುಂಬುವ ಮಾತು.

ಇಂಗ್ಲಿಷಿನಲ್ಲಿ ಜನರ ಕೂದಲಿನ ಬಣ್ಣ ಹೇಳುವುದನ್ನು ಕಲಿಸುವ ಪಾಠ ಎಡವುವುದು ಇಲ್ಲಿಯೇ. ಚೀನೀ ಭಾಷಿಕರಿಗೆ ಇಂಗ್ಲಿಷ್ ಕಲಿಸುವವರಿಗೆ ಇದು ಹಳೆಯ ತಲೆನೋವು. ಅಲ್ಲಿಯೂ ಊರಿಗೆ ಊರೇ ಕರಿಗೂದಲು. ಬ್ಲಾಂಡ್, ಬ್ರುನೆಟ್, ಆಬರ್ನ್, ಜಿಂಜರ್, ಫೇರ್, ಡಾರ್ಕ್, ಗ್ರೇ ಎಂಬ ಪದಗಳ ಸಾಲನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ, ಆಡುವಾಗ ತಪ್ಪುತ್ತಾರೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಯಿತು. ಮುಧೋಳ, ಬೀಳಗಿ ಕಡೆಯ ಹಳ್ಳಿಯ ಮಗುವೂ ಈಗ ಒಂದು ಚಿತ್ರ ನೋಡಿ ಅದರಲ್ಲಿರುವವರನ್ನು ಇಂಗ್ಲಿಷಿನಲ್ಲಿ ಬಣ್ಣಿಸಬೇಕು. ಶಬ್ದಕೋಶ ತೆರೆದು ಒಂದೊಂದು ಪದದ ಎದುರಿಗೆ ಒಂದೊಂದು ಕನ್ನಡ ಬಣ್ಣ ಬರೆಸಿದರೆ ಕೆಲಸ ಮುಗಿಯಿತೆಂದು ನಾವು ತಿಳಿದಿದ್ದೇವೆ. ಮುಗಿಯುವುದಿಲ್ಲ. ಬಣ್ಣದ ಮಾತು ಹುಟ್ಟುವುದು ಕಣ್ಣಿಗೆ ಕಂಡದ್ದನ್ನೆಲ್ಲ ಅಳೆದಿಡಲು ಅಲ್ಲ, ಒಂದನ್ನು ಇನ್ನೊಂದರಿಂದ ಬೇರೆ ಮಾಡಲು. ಬೇರೆ ಮಾಡುವ ಅಗತ್ಯ ಎಲ್ಲಿ ಬಿತ್ತೋ ಅಲ್ಲಿ ಮಾತು ದಟ್ಟವಾಗುತ್ತದೆ, ಬೀಳದ ಕಡೆ ತೆಳುವಾಗುತ್ತದೆ. ಇಂಗ್ಲಿಷಿನವರಿಗೆ ಆ ಅಗತ್ಯ ಮನುಷ್ಯರ ತಲೆಯ ಮೇಲೆ ಬಿತ್ತು. ಕೃಷ್ಣಾ, ಘಟಪ್ರಭಾ ನದಿಗಳ ಸೀಮೆಯವರಿಗೆ ಅದು ಎತ್ತಿನ ಮೈಮೇಲೆ, ಹೊಲದ ಮಣ್ಣಿನ ಮೇಲೆ, ಮಗ್ಗದ ನೂಲಿನ ಮೇಲೆ ಬಿತ್ತು. ಈ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರೆ ಮಗು ಕಲಿಯುತ್ತದೆ.

ಮೊದಲು ಗ್ರೇ ಎಂಬ ಪದವನ್ನೇ ತೆಗೆದುಕೊಳ್ಳಿ. ಶಬ್ದಕೋಶದಲ್ಲಿ ಅದಕ್ಕೆ ಬೂದುಬಣ್ಣ ಎಂದಿರುತ್ತದೆ. ಆದರೆ ಕನ್ನಡದಲ್ಲಿ ಯಾರ ತಲೆಯೂ ಬೂದಿಯ ಬಣ್ಣಕ್ಕೆ ತಿರುಗುವುದಿಲ್ಲ, ಬೆಳ್ಳಗಾಗುತ್ತದೆ. ಚೀನೀಯರಿಗೂ ಅದು ಬಿಳಿಯೇ, ಅವರು ಬಾಯ್ ಎಂಬ ‘ಬಿಳಿ’ಯನ್ನೇ ಕೂದಲಿಗೆ ಹಚ್ಚುತ್ತಾರೆ. ಹೀಗಾಗಿ ಎರಡೂ ಕಡೆಯ ವಿದ್ಯಾರ್ಥಿ ನಲವತ್ತೈದರ ಗುಮಾಸ್ತನೊಬ್ಬನಿಗೆ ವೈಟ್ ಹೇರ್ ಇದೆ ಎಂದು ಬರೆಯುತ್ತಾನೆ. ಓದಿದ ಇಂಗ್ಲಿಷಿನವನ ಕಣ್ಣಮುಂದೆ ಬರುವುದು ಒಂದೂ ಕರಿಗೂದಲುಳಿಯದ ಹಣ್ಣು ಹಣ್ಣು ಮುದುಕ. ಇಲ್ಲಿ ಯಾರ ಕಣ್ಣೂ ಸುಳ್ಳು ಹೇಳುತ್ತಿಲ್ಲ. ಕೂದಲಿನ ಬುಡದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ತಯಾರಾಗುವುದು ನಿಂತರೆ ಆ ಎಳೆ ಬಿಳಿಯಾಗಿಯೇ ಹೊರಬರುತ್ತದೆ. ಬೂದು ಎಂಬುದು ಬಹಳಮಟ್ಟಿಗೆ ಬಿಳಿಯ ಎಳೆಯೂ ಕರಿಯ ಎಳೆಯೂ ಕಲೆತದ್ದನ್ನು ದೂರದಿಂದ ನೋಡಿದಾಗ ಕಾಣುವ ಬಣ್ಣ. ನಾವೂ ಚೀನೀಯರೂ ಎಳೆಯನ್ನು ನೋಡಿ ಹೆಸರಿಟ್ಟೆವು, ಇಂಗ್ಲಿಷಿನವರು ಇಡೀ ತಲೆಯನ್ನು ನೋಡಿ ಹೆಸರಿಟ್ಟರು. ಹಾಗಾದರೆ ಗ್ರೇ ಪದಕ್ಕೆ ಕನ್ನಡದಲ್ಲಿ ಜೋಡಿಯೇ ಇಲ್ಲವೇ? ಒಳ್ಳೆಯ ಜೋಡಿಯೊಂದು ಇದೆ, ಆದರೆ ಬಣ್ಣಗಳ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು ನರೆ. ತಮಿಳು, ಮಲಯಾಳಗಳಲ್ಲಿಯೂ ಇರುವ ಈ ಹಳೆಯ ದ್ರಾವಿಡ ಪದ ನಾಮಪದವೂ ಹೌದು, ಕ್ರಿಯಾಪದವೂ ಹೌದು: ನರೆ ಬಂತು, ಗಡ್ಡ ನರೆಯಿತು, ನರೆತ ತಲೆ. ಕಂಬಳಿ ನರೆಯುವುದಿಲ್ಲ, ಮೋಡ ನರೆಯುವುದಿಲ್ಲ, ಕೂದಲಷ್ಟೇ ನರೆಯುತ್ತದೆ. ಇಂಗ್ಲಿಷಿನಲ್ಲಿಯೂ ಗ್ರೇ ಎಂಬುದು ಕೂದಲಿನ ಮಟ್ಟಿಗೆ ಕ್ರಿಯಾಪದವಾಗಿ ನಡೆಯುತ್ತದೆ. ತಲೆ ‘ಗ್ರೇಯಿಂಗ್’ ಆಗುತ್ತಿದೆ ಎನ್ನುತ್ತಾರೆ. ಗ್ರೇ ಎಂದರೆ ಬೂದು ಎಂದು ಕಲಿಸುವ ಬದಲು, ತಲೆಯ ಮೇಲೆ ಬಂದಾಗ ಗ್ರೇ ಎಂದರೆ ನರೆ ಎಂದು ಕಲಿಸಿದರೆ ಅರ್ಧ ತಪ್ಪು ಹುಟ್ಟುವುದೇ ಇಲ್ಲ.

ನರೆಯಂಥ ಪದಗಳು ಒಂದು ಜಾತಿಗೆ ಸೇರಿದವು. ಅವು ಬಣ್ಣವನ್ನು ಹೇಳುತ್ತವೆ, ಆದರೆ ಒಂದೇ ವಸ್ತುವಿಗೆ ಕಟ್ಟಿಕೊಂಡು ಹೇಳುತ್ತವೆ. ಈ ಭಾಗದ ರೈತನಿಗೆ ಕಪ್ಪು ಮಣ್ಣಿನ ಹೊಲ ಎರಿ ಹೊಲ, ಕೆಂಪು ಮಣ್ಣಿನದು ಮಸಾರಿ. ಎರಿ ಎಂದಾಗ ಕಪ್ಪು ಎಂದು ಬೇರೆ ಹೇಳಬೇಕಾಗಿಲ್ಲ, ಎರಿಯ ಬಣ್ಣದ ಸೀರೆ ಎಂದೂ ಯಾರೂ ಅನ್ನುವುದಿಲ್ಲ. ಮೈ ಕೆಂಪಾದ ಎತ್ತು ಕೆಂದೆತ್ತು. ಇಂಗ್ಲಿಷಿನ ಬ್ಲಾಂಡ್, ಬ್ರುನೆಟ್ ಎಂಬುವೂ ಹೀಗೆಯೇ ಕಟ್ಟಿಹಾಕಿದ ಪದಗಳು. ಬ್ಲಾಂಡ್ ಎಂದರೆ ಹೊಂಬಣ್ಣ ಎಂದು ಕಲಿತ ಹುಡುಗ ಮಾಗಿದ ಗೋಧಿಯ ಹೊಲವನ್ನೋ ಅರಿಶಿನದ ಕೊಂಬನ್ನೋ ಬ್ಲಾಂಡ್ ಎಂದರೆ ಕೇಳಿದವರು ನಗುತ್ತಾರೆ. ನಾವು ನರೆತ ಕಂಬಳಿ ಎಂದು ಕೇಳಿದರೆ ನಗುವಂತೆ. ಕಟ್ಟು ಹಾಗಿರಲಿ, ಕೆಲವು ಪದಗಳ ಬಣ್ಣವೇ ಕಾಲಕಾಲಕ್ಕೆ ಜಾರಿದೆ. ಆಬರ್ನ್ ಎಂದರೆ ಇಂದು ಕೆಂಪು ಬೆರೆತ ಕಂದು. ಅದರ ಲ್ಯಾಟಿನ್ ಮೂಲದ ಅರ್ಥ ‘ಬಿಳಿಚು’ ಎಂದಿತ್ತು. ಬ್ರೌನ್ ಪದದ ಸದ್ದಿಗೆ ಹತ್ತಿರವಾಗಿ ನಿಧಾನಕ್ಕೆ ಆ ಕಡೆಗೇ ವಾಲಿತು. ಅಂಥ ಪದವನ್ನು ಬಣ್ಣದ ಚೀಟಿ ತೋರಿಸಿ ಕಲಿಸಲು ಹೊರಡುವುದು ವ್ಯರ್ಥ.

ಕಟ್ಟಿದ ಪದ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡಲು ಕಾರ ಹುಣ್ಣಿಮೆಯ ಸಂಜೆ ಊರ ಅಗಸಿಯ ಮುಂದೆ ನಿಂತರೆ ಸಾಕು. ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಜೂಲ ಹೊದಿಸಿ ಕರಿ ಹರಿಯಲು ಓಡಿಸುತ್ತಾರೆ. ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ ಬೆಳೆ, ಅಂದರೆ ಬಿಳಿಜೋಳ ಚೆನ್ನಾಗಿ ಬರುತ್ತದೆ, ಕೆಂದೆತ್ತು ಮುಂದೆ ಬಂದರೆ ಮುಂಗಾರಿ ಬೆಳೆಗೆ ಒಳ್ಳೆಯದು ಎಂಬ ನಂಬಿಕೆ ಉತ್ತರ ಕರ್ನಾಟಕದ ಹಲವು ಊರುಗಳಲ್ಲಿದೆ. ಆ ಬಿಳಿ ಎತ್ತು ನಿಜಕ್ಕೂ ಬಿಳಿಯೇ? ಖಿಲಾರಿ ಎತ್ತಿನ ಮೈ ಬೂದು ಬೆರೆತ ಬಿಳಿ. ಇದೇ ಸೀಮೆಯ ಹೆಸರು ಹೊತ್ತ ಕೃಷ್ಣಾ ಕಣಿವೆ ತಳಿಯ ಹೋರಿಗಳಿಗೂ ಹೆಗಲು ಮತ್ತು ಹಿಂಗಾಲಿನ ಕಡೆ ಕಪ್ಪುಛಾಯೆ ಇರುತ್ತದೆ. ಕೆಂದೆತ್ತಿನ ಮೈಯೂ ಕುಂಕುಮದ ಕೆಂಪಲ್ಲ. ಆದರೂ ಅಗಸಿಯ ಮುಂದೆ ನಿಂತ ಯಾರೂ ತಕರಾರು ತೆಗೆಯುವುದಿಲ್ಲ. ಅಲ್ಲಿ ಬೇಕಾದದ್ದು ಇದಲ್ಲದಿದ್ದರೆ ಅದು ಎಂಬ ಭೇದ. ಇಂಗ್ಲಿಷಿನ ರೆಡ್ ಹೇರ್ ಎಂಬುದು ಈ ಕೆಂದೆತ್ತಿನ ಕೆಂಪೇ. ತಾಮ್ರದಿಂದ ಹಿಡಿದು ಕ್ಯಾರೆಟ್ಟಿನ ತನಕ ಎಲ್ಲ ಛಾಯೆಯೂ ಅದರಲ್ಲಿ ಬರುತ್ತದೆ, ಕೆಂಪೊಂದನ್ನು ಬಿಟ್ಟು. ಮುಧೋಳದ ನಾಯಿಯನ್ನೂ ಇಲ್ಲಿ ನೆನೆಯಬಹುದು. ಘೋರ್ಪಡೆ ಅರಸರು ಪೋಷಿಸಿದ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಈ ಬೇಟೆನಾಯಿಯನ್ನು ಶ್ವಾನಪ್ರದರ್ಶನಗಳ ಇಂಗ್ಲಿಷಿನಲ್ಲಿ ಫಾನ್, ಕ್ರೀಮ್ ಎಂದೆಲ್ಲ ವಿಂಗಡಿಸುತ್ತಾರೆ. ಫಾನ್ ಎಂದರೆ ಜಿಂಕೆಮರಿ. ನಾಯಿ ಸಾಕುವವರು ಆ ಪದವನ್ನು ಯಾವ ಶಬ್ದಕೋಶವನ್ನೂ ಕೇಳದೆ ಕಲಿತರು, ಏಕೆಂದರೆ ಮರಿಯೂ ಪದವೂ ಒಟ್ಟಿಗೇ ಎದುರಿಗಿದ್ದವು.

ಇನ್ನು ಕೆಂಪು. ನಮ್ಮ ಕಡೆಯ ಮಾತಿನಲ್ಲಿ ‘ಹುಡುಗಿ ಕೆಂಪಗ ಅದಾಳ’ ಎಂದರೆ ಆಕೆಯ ಮೈ ತಿಳಿಬಣ್ಣದ್ದು ಎಂದರ್ಥ, ಯಾರೂ ರಕ್ತದ ಬಣ್ಣವನ್ನು ನೆನೆಯುವುದಿಲ್ಲ. ಮನುಷ್ಯರ ಮೈಗೆ ಹತ್ತಿದ ಕೂಡಲೇ ಬಣ್ಣದ ಪದ ತನ್ನ ಜಾಗ ಬದಲಿಸುತ್ತದೆ ಎಂಬ ಸಂಗತಿ ನಮಗೆ ಹುಟ್ಟಿನಿಂದ ಗೊತ್ತು, ಪಾಠದ ಹೊತ್ತಿಗೆ ಮರೆಯುತ್ತೇವೆ ಅಷ್ಟೇ. ಕೂದಲಿಗೆ ನಮ್ಮಲ್ಲಿರುವ ಪದ ಕೆಂಚು. ಕೆಂಚ, ಕೆಂಚಪ್ಪ, ಕೆಂಚವ್ವ ಎಂಬ ಹೆಸರುಗಳ ಹಿಂದಿರುವುದು ಈ ಕೆಂಪು ಬೆರೆತ ಕಂದು. ರೆಡ್ ಹೇರ್ ಎಂಬುದಕ್ಕೆ ಕೆಂಚುಗೂದಲು ಎಂದರೆ ಕೆಂಪು ಕೂದಲು ಎಂಬುದಕ್ಕಿಂತ ಎಷ್ಟೋ ಹತ್ತಿರ. ಆದರೆ ಬಣ್ಣ ಹತ್ತಿರವಾದರೂ ಭಾವ ದೂರ. ನಮ್ಮಲ್ಲಿ ಮಗುವಿನ ಕೂದಲು ಕೆಂಚಗಾದರೆ ಹಿರಿಯರು ಕೇಳುವುದು ‘ತಲಿಗಿ ಎಣ್ಣಿ ಹಚ್ಚಿಲ್ಲೇನ?’ ಎಂದು. ಬಿಸಿಲು, ಧೂಳು, ಆರೈಕೆಯ ಕೊರತೆ ಆ ಬಣ್ಣದ ಜೊತೆಗೆ ಬರುತ್ತವೆ. ಕೆಲವೊಮ್ಮೆ ಊಟದ ಕೊರತೆಯೂ. 1930ರ ದಶಕದಲ್ಲಿ ಇಂದಿನ ಘಾನಾ ದೇಶದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್ ಜಗತ್ತಿಗೆ ಪರಿಚಯಿಸಿದ ಕ್ವಾಷಿಯೋರ್ಕರ್ ಎಂಬ ಅಪೌಷ್ಟಿಕತೆಯ ಕಾಯಿಲೆಯಲ್ಲಿ ಮಗುವಿನ ಕರಿಗೂದಲು ಬಣ್ಣ ಕಳೆದುಕೊಂಡು ಕೆಂಚಾಗುತ್ತದೆ. ಯುರೋಪಿನ ಕೆಂಪುಗೂದಲಿನ ಕಥೆಯೇ ಬೇರೆ. ಅದು ತಂದೆತಾಯಿಯಿಂದ ಬರುವಂಥದು. ಎಂಸಿ1ಆರ್ ಎಂಬ ಜೀನಿನ ಬದಲಾವಣೆಗೂ ಅದಕ್ಕೂ ಇರುವ ನಂಟನ್ನು 1995ರಲ್ಲಿ ವಿಜ್ಞಾನಿಗಳು ತೋರಿಸಿದರು. ಜಗತ್ತಿನಲ್ಲಿ ಅಂಥವರು ನೂರಕ್ಕೆ ಒಬ್ಬರೋ ಇಬ್ಬರೋ, ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನಲ್ಲಿ ಹೆಚ್ಚು. ಒಂದು ಕಡೆ ಬಡತನದ ಸುಳಿವು, ಇನ್ನೊಂದು ಕಡೆ ಮನೆತನದ ಗುರುತು. ಪದ ಕಲಿಸುವಾಗ ಇಷ್ಟನ್ನೂ ಹೇಳದೆ ಬಿಟ್ಟರೆ ಚಿತ್ರದ ಕೆಂಚುಗೂದಲಿನ ಹುಡುಗಿಯನ್ನು ನಮ್ಮ ಮಗು ಎಣ್ಣೆ ಕಾಣದ ಪಾಪದ ಹುಡುಗಿ ಎಂದೇ ಓದಿಕೊಳ್ಳುತ್ತದೆ.

ಆರ್ಥರ್ ಕಾನನ್ ಡಾಯ್ಲ್ 1891ರಲ್ಲಿ ಬರೆದ ಷೆರ್ಲಾಕ್ ಹೋಮ್ಸ್ ಕಥೆಯೊಂದಿದೆ, ‘ದಿ ರೆಡ್-ಹೆಡೆಡ್ ಲೀಗ್’. ಕೆಂಪುಗೂದಲಿನವರಿಗೆ ಮಾತ್ರ ಮೀಸಲಾದ ಒಂದು ನೌಕರಿಯ ಜಾಹೀರಾತಿನಿಂದ ಕಥೆ ಶುರುವಾಗುತ್ತದೆ, ಲಂಡನ್ನಿನ ಬೀದಿಯೊಂದು ಆ ತಲೆಗಳಿಂದ ತುಂಬಿಹೋಗುತ್ತದೆ. ಕುಂಕುಮದ ಕೆಂಪನ್ನು ಮನಸ್ಸಿನಲ್ಲಿಟ್ಟುಕೊಂಡು ಓದುವವನಿಗೆ ಇದು ಮಾಟದ ಕಥೆಯಂತೆ ಕಾಣುತ್ತದೆ. ಅಂಥ ಕೂದಲು ವಿರಳ, ಆದರೆ ಇಲ್ಲವೆನ್ನುವಷ್ಟು ವಿರಳವಲ್ಲ ಎಂಬುದು ಗೊತ್ತಿದ್ದವನಿಗಷ್ಟೇ ಜಾಹೀರಾತಿನ ಮೋಸದ ಜಾಣತನ ಹೊಳೆಯುತ್ತದೆ. ಕೆನಡಾದ ಎಲ್. ಎಂ. ಮಾಂಟ್‌ಗೊಮರಿಯವರ 1908ರ ಕಾದಂಬರಿ ‘ಆ್ಯನ್ ಆಫ್ ಗ್ರೀನ್ ಗೇಬಲ್ಸ್’ನ ಹುಡುಗಿಗೆ ತನ್ನ ಕೆಂಪುಗೂದಲೇ ಬಾಳಿನ ದೊಡ್ಡ ದುಃಖ. ಕರಿಗೂದಲು ಬೇಕೆಂದು ತಿರುಗು ವ್ಯಾಪಾರಿಯ ಹತ್ತಿರ ಬಣ್ಣ ಕೊಂಡು ಹಚ್ಚಿಕೊಂಡರೆ ತಲೆ ಹಸಿರಾಗಿ ಕೂರುತ್ತದೆ. ನಮಗೆ ಪುಕ್ಕಟೆಯಾಗಿ ಸಿಕ್ಕ ಕಪ್ಪು ಅಲ್ಲಿ ಒಬ್ಬಳ ಕನಸು. ಇನ್ನೊಂದು ದಿಕ್ಕಿನಿಂದಲೂ ಇದನ್ನು ನೋಡಬಹುದು. ಹದಿನೇಳನೇ ಶತಮಾನದಲ್ಲಿ ಡಚ್ಚರು ಪೂರ್ವದ ಕಡಲಿಗೆ ಬಂದಾಗ ಚೀನೀಯರು ಅವರಿಗಿಟ್ಟ ಹೆಸರು ‘ಕೆಂಪು ಕೂದಲಿನವರು’. ತೈವಾನಿನ ತಮ್ಸುಯ್‌ನಲ್ಲಿರುವ ಅವರ ಕೋಟೆಗೆ ಇಂದಿಗೂ ಕೆಂಪುಗೂದಲಿನ ಕೋಟೆ ಎಂದೇ ಹೆಸರು, ಸಿಂಗಪುರದಲ್ಲಿ ಬಿಳಿಯರಿಗೆ ಆಂಗ್ ಮೋ ಎನ್ನುವುದೂ ಅದೇ ಮಾತು. ಬಂದವರಲ್ಲಿ ಎಲ್ಲರದೂ ಕೆಂಚುಗೂದಲಾಗಿರಲಿಲ್ಲ ಎಂಬುದನ್ನು ಹೇಳಬೇಕಾಗಿಲ್ಲ. ತಮ್ಮೊಳಗೆ ಕೂದಲಿನ ಬಣ್ಣಕ್ಕೆ ಕೆಲಸವೇ ಇಲ್ಲದಿದ್ದ ಜನ, ಭೇದ ಎದುರಿಗೆ ಬಂದು ನಿಂತ ದಿನವೇ ಅದಕ್ಕೊಂದು ಪದ ಮಾಡಿಕೊಂಡರು.

ಇಷ್ಟು ಹೇಳಿದಾಗ ಒಂದು ಆಕ್ಷೇಪ ಬರುತ್ತದೆ: ಕನ್ನಡದಲ್ಲಿ ಬಣ್ಣದ ಪದಗಳೇ ಕಡಿಮೆ, ಹಾಗಾಗಿ ಮಕ್ಕಳು ಒದ್ದಾಡುತ್ತಾರೆ ಎಂದು. ಹಸಿರು ಎಂಬುದು ಹಸಿ ಎಂಬುದರಿಂದ ಬಂತು, ನೀಲಿ ಸಂಸ್ಕೃತದ್ದು, ಗುಲಾಬಿ ಪಾರಸಿಯದು, ಕಿತ್ತಳೆ ಹಣ್ಣಿನದು ಎಂದು ಪಟ್ಟಿ ಕೊಡುವವರೂ ಇದ್ದಾರೆ. ಇದೇ ತರ್ಕದಲ್ಲಿ, ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಗ್ಲಾಡ್‌ಸ್ಟನ್ 1858ರಲ್ಲಿ ಹೋಮರನ ಕಾವ್ಯಗಳ ಬಗ್ಗೆ ಬರೆಯುತ್ತ, ಅಲ್ಲಿ ಬಣ್ಣದ ಪದಗಳು ತೀರ ಕಡಿಮೆ ಇರುವುದರಿಂದ ಆ ಕಾಲದ ಗ್ರೀಕರಿಗೆ ಬಣ್ಣದ ಅರಿವೇ ಪೂರ್ತಿ ಬಲಿತಿರಲಿಲ್ಲ ಎಂದು ವಾದಿಸಿದ. ಆ ವಾದ ನಿಲ್ಲಲಿಲ್ಲ. ಪದವಿಲ್ಲ ಎಂದಮಾತ್ರಕ್ಕೆ ಕಣ್ಣಿಲ್ಲ ಎಂದಲ್ಲ. ರಬಕವಿ-ಬನಹಟ್ಟಿಯ ನೇಕಾರರ ಮುಂದೆ ಕನ್ನಡಕ್ಕೆ ಬಣ್ಣವಿಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ? ಇದೇ ಜಿಲ್ಲೆಯ ಇಳಕಲ್ಲ ಸೀರೆಯ ಲೋಕದಲ್ಲಿ ದಾಳಿಂಬೆಯ ಕೆಂಪು ಬೇರೆ, ಗಿರಿಕುಂಕುಮ ಬೇರೆ. ಗಿಣಿಹಸಿರು ಬೇರೆ, ನವಿಲಿನದು ಬೇರೆ. ಕರಿ ಸೀರೆಗೆ ಚಂದ್ರಕಾಳಿ ಎಂಬ ಚೆಂದದ ಹೆಸರು. ನೂಲಿಗೆ ಹಾಕುವ ಬಣ್ಣ ಒಂದು ಗುಲಗಂಜಿ ತಪ್ಪಿದರೆ ಒಡಲಿಗೂ ಸೆರಗಿಗೂ ಹೊಂದಾಣಿಕೆ ಕೆಡುತ್ತದೆ, ಗಿರಾಕಿ ತಿರುಗಿ ಕಳಿಸುತ್ತಾನೆ. ಅಲ್ಲಿ ಭೇದಕ್ಕೆ ಬೆಲೆಯಿದೆ, ಆದ್ದರಿಂದ ಪದವಿದೆ. ತಲೆಗೂದಲಿನಲ್ಲಿ ಆ ಬೆಲೆ ಇರಲಿಲ್ಲ. ಒಂದು ಮಾತನ್ನು ಮಾತ್ರ ಒಪ್ಪಬೇಕು: ಕಂದು ನಮ್ಮ ಆಡುಮಾತಿನಲ್ಲಿ ಸೊರಗಿದ ಪದ. ಕಂದುವುದು ಎಂದರೆ ಬಾಡುವುದು, ಕಳೆಗುಂದುವುದು ಎಂದೂ ಅರ್ಥವಿರುವುದರಿಂದ ಕಂದುಗೂದಲು ಎಂದಾಗ ಬಾಡಿದ ಕೂದಲಿನ ನೆನಪು ಬರುತ್ತದೆ. ಜನ ಅದನ್ನು ಬಿಟ್ಟು ಚಾಕಲೇಟ್ ಬಣ್ಣ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಬ್ರೌನ್ ಎಂಬುದು ಕಪ್ಪಿನ ಹೊಸ್ತಿಲಿನಿಂದ ಹುಲ್ಲಿನ ಬಣ್ಣದ ತನಕ ಹರಡಿಕೊಂಡಿದೆ. ನಾವು ಕಪ್ಪೆಂದು ಕರೆಯುವ ಎಷ್ಟೋ ತಲೆಗಳು ಬಿಸಿಲಿನಲ್ಲಿ ಅವರ ಕಣ್ಣಿಗೆ ಡಾರ್ಕ್ ಬ್ರೌನ್.

ಕಪ್ಪಿನೊಳಗೂ ನಮಗೆ ಕಾವ್ಯ ಇತ್ತು. ನೀಲಕುಂತಳೆ ಎಂದರೆ ಹಳಗನ್ನಡದ ಓದುಗನಿಗೆ ಮಿರುಗುವ ಕರಿಗೂದಲಿನ ಚೆಲುವೆ. ಚೀನೀ ಭಾಷೆಯಲ್ಲಿ ಚಿಂಗ್ ಎಂಬ ಪದ ಹಸಿರು, ನೀಲಿ, ಕಪ್ಪು ಮೂರನ್ನೂ ಮುಟ್ಟಿ ಬರುತ್ತದೆ. ಚಿಂಗ್ ಬಣ್ಣದ ರೇಷ್ಮೆ ಎಂದು ಪದಶಃ ಅರ್ಥವಾಗುವ ‘ಚಿಂಗ್‌ಸಿ’ ಎಂದರೆ ಅಲ್ಲಿ ಹೆಣ್ಣಿನ ಕಪ್ಪು ಕೂದಲು. ಮಗ್ಗದ ಮುಂದೆ ಕೂತವರಿಗೆ ಈ ಹೋಲಿಕೆ ಬಿಡಿಸಿ ಹೇಳಬೇಕಾಗಿಲ್ಲ. ಈ ಎರಡನ್ನೂ ಹಾಗೆಯೇ ಇಂಗ್ಲಿಷಿಗೆ ಸಾಗಿಸಿ ಬ್ಲೂ ಹೇರ್ ಎಂದರೆ ಏನಾಗುತ್ತದೆ ನೋಡಿ: ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಮುದುಕಿಯರು ನರೆತ ಕೂದಲಿನ ಹಳದಿಛಾಯೆ ಮರೆಸಲು ನೀಲಿ ನೀರಿನಲ್ಲಿ ತೊಳೆದುಕೊಳ್ಳುತ್ತಿದ್ದರು, ಹಾಗಾಗಿ ನೀಲಿ ಕೂದಲಿನವಳು ಎಂದರೆ ಅಜ್ಜಿ. ಹರೆಯದ ನೀಲಕುಂತಳೆ ಕಡಲು ದಾಟುವುದರೊಳಗೆ ಎಂಬತ್ತರ ಹಣ್ಣುಮುದುಕಿ.

ಹಾಗಾದರೆ ಕನ್ನಡ ಕೂದಲನ್ನು ನೋಡಲೇ ಇಲ್ಲವೇ ಎಂದರೆ, ನೋಡಿದಷ್ಟು ಯಾರೂ ನೋಡಿಲ್ಲ. ಜಡೆ, ಹೆರಳು, ತುರುಬು, ಮುಡಿ, ಕುರುಳು, ಮುಂಗುರುಳು, ಬೈತಲೆ, ಜುಟ್ಟು, ಚಂಡಿಕಿ, ಸಿಕ್ಕು, ಗುಂಗುರು, ಬೋಳು. ನಾವು ಕೂದಲಿನ ಸ್ಥಿತಿಗೆ ಹೆಸರಿಟ್ಟೆವು: ಕಟ್ಟಿದೆಯೋ ಬಿಚ್ಚಿದೆಯೋ, ಎಣ್ಣೆ ಕಂಡಿದೆಯೋ ಇಲ್ಲವೋ, ಹೂವಿದೆಯೋ ಬರಿದಾಗಿದೆಯೋ. ಇದಕ್ಕೆ ದೊಡ್ಡ ಸಾಕ್ಷಿ ಮುಧೋಳದಲ್ಲೇ ಇದೆ. ಹತ್ತನೇ ಶತಮಾನದಲ್ಲಿ ಆಗಿನ ಮುದುವೊಳಲಿನ ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನ, ‘ಸಾಹಸಭೀಮ ವಿಜಯ’ ಎಂಬ ಹೆಸರೂ ಇರುವ ತನ್ನ ‘ಗದಾಯುದ್ಧ’ದಲ್ಲಿ ಎತ್ತಿಕೊಂಡ ಸೇಡಿನ ಬೇರು ದ್ರೌಪದಿಯ ಮುಡಿ. ಸಭೆಯಲ್ಲಿ ದುಶ್ಶಾಸನ ಹಿಡಿದೆಳೆದ ಕೂದಲು ಬಿಚ್ಚಿಯೇ ಉಳಿದಿದೆ, ಅದನ್ನು ಮತ್ತೆ ಕಟ್ಟಬೇಕಾದವನು ಭೀಮ. ಭಟ್ಟನಾರಾಯಣನ ಸಂಸ್ಕೃತ ನಾಟಕ ‘ವೇಣೀಸಂಹಾರ’ದ ಹೆಸರೇ ಮುಡಿ ಕಟ್ಟುವುದರ ಮೇಲೆ ನಿಂತಿದೆ. ಮಾಂಟ್‌ಗೊಮರಿಯ ಹುಡುಗಿಯ ದುಃಖ ಕೂದಲಿನ ಬಣ್ಣದಲ್ಲಿದೆ, ದ್ರೌಪದಿಯ ದುಃಖ ಕೂದಲು ಬಿಚ್ಚಿರುವುದರಲ್ಲಿದೆ. ಆಕೆಯ ಕೂದಲು ಯಾವ ಬಣ್ಣದ್ದು ಎಂಬ ಪ್ರಶ್ನೆ ಮುಧೋಳದ ಕವಿಗಾಗಲಿ ಕೇಳುಗರಿಗಾಗಲಿ ಸಂಕಟ ಕೊಟ್ಟಿರಲಾರದು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಬೀಳಗಿ ತಾಲ್ಲೂಕಿನ ಮಗುವಿಗೆ ಬ್ಲಾಂಡ್ ಮತ್ತು ಆಬರ್ನ್ ಯಾಕೆ ಬೇಕು? ನಿತ್ಯ ನೋಡುವ ಜನರನ್ನು ಇಂಗ್ಲಿಷಿನಲ್ಲಿ ಹೇಳಲು ಬಂದರೆ ಸಾಲದೇ? ಮೊದಲ ಕೆಲವು ವರ್ಷಗಳ ಮಟ್ಟಿಗೆ ಈ ಆಕ್ಷೇಪ ಸರಿ ಎಂದೇ ನನ್ನ ತೀರ್ಮಾನ. ಪ್ಲೇಟೆಡ್, ಆಯಿಲ್ಡ್, ಕರ್ಲಿ, ಪಾರ್ಟೆಡ್, ಬಾಲ್ಡ್, ಬನ್, ಗ್ರೇ ಇವಿಷ್ಟು ಮೊದಲು ಬರಲಿ. ಆದರೆ ಕಥೆ ಓದುವ, ಮುಂದೆ ಆಸ್ಪತ್ರೆಯಲ್ಲೋ ಹೋಟೆಲಿನಲ್ಲೋ ವಿಮಾನ ನಿಲ್ದಾಣದಲ್ಲೋ ದೂರದ ದೇಶದಲ್ಲಿ ದುಡಿಯುವ ಮಕ್ಕಳಿಗೆ ಉಳಿದವೂ ಬೇಕು. ಬೇಕಾದಾಗ ತಪ್ಪಾಗಿ ಬಂದರೆ ತೊಂದರೆ. ಫೇರ್ ಎಂಬ ಪದವನ್ನೇ ನೋಡಿ. ಭಾರತದ ಇಂಗ್ಲಿಷಿನಲ್ಲಿ ಅದು ಮೈಬಣ್ಣಕ್ಕೆ ಅಂಟಿಕೊಂಡಿದೆ, ವಧುವರರ ಜಾಹೀರಾತು ಅದನ್ನು ಬೇರೆ ಯಾವುದಕ್ಕೂ ಬಿಟ್ಟುಕೊಟ್ಟಿಲ್ಲ. ಇಂಗ್ಲಿಷಿನಲ್ಲಿ ಫೇರ್ ಎಂದರೆ ತಿಳಿಬಣ್ಣದ ಕೂದಲಿನವರು ಎಂದೂ ಆಗುತ್ತದೆ, ಡಾರ್ಕ್ ಎಂದರೆ ಕಪ್ಪು ಇಲ್ಲವೆ ಕಡುಗಂದು ಕೂದಲಿನವರು ಎಂದೂ ಆಗುತ್ತದೆ. ಹಳೆಯ ಕಾದಂಬರಿಗಳ ಡಾರ್ಕ್ ನಾಯಕನನ್ನು ನಮ್ಮ ಓದುಗ ಕರಿಯ ಮೈಯವನೆಂದು ತಿಳಿದು ಕಡೆಯವರೆಗೂ ಹಾಗೆಯೇ ಓದಿದರೆ ತಪ್ಪು ಅವನದಲ್ಲ, ಪದಕ್ಕೆ ಒಂದೇ ಅರ್ಥ ಬರೆಸಿದ ನೋಟ್‌ಬುಕ್ಕಿನದು.

ವಾಕ್ಯದ ಕಟ್ಟಿನಲ್ಲಿಯೂ ಒಂದು ಮುಳ್ಳಿದೆ. ‘ಆಕಿಗೆ ಉದ್ದನ್ನ ಕೂದಲಾ ಅದಾವ’ ಎನ್ನುವಾಗ ಕೂದಲು ಆಕೆಗೆ ಇರುವಂಥವು, ಆಕೆ ಅವುಗಳ ಒಡತಿಯಾಗಿ ವಾಕ್ಯದ ತಲೆಯಲ್ಲಿ ಕೂರುವುದಿಲ್ಲ. ಇಂಗ್ಲಿಷಿನ ಹ್ಯಾಸ್ ಎಂಬ ಕ್ರಿಯಾಪದ ಕನ್ನಡದಲ್ಲಿ ಇಲ್ಲವೇ ಇಲ್ಲ. ಚೀನೀಯರಿಗೆ ಅದರ ಸಮೀಪದ ‘ಯೌ’ ಎಂಬುದೊಂದಿದೆ, ಅಷ್ಟರಮಟ್ಟಿಗೆ ಅವರ ದಾರಿ ಸಲೀಸು. ಮೇಲಾಗಿ ನಮ್ಮ ‘ಅದಾವ’ ಬಹುವಚನ. ಅದರ ಬೆನ್ನಿಗೇ ಹೇರ್ಸ್ ಎಂಬ ಬಹುವಚನ ಹುಟ್ಟುತ್ತದೆ. ತಲೆಯ ಮೇಲಿದ್ದರೆ ಅದು ಲೆಕ್ಕಕ್ಕೆ ಸಿಗದ ಒಂದೇ ರಾಶಿ, ಸಾರಿನಲ್ಲಿ ಬಿದ್ದಾಗ ಮಾತ್ರ ಒಂದು, ಎರಡು ಎಂದು ಎಣಿಸಬಹುದು ಎಂದು ಹೇಳಿಕೊಟ್ಟರೆ ಮಕ್ಕಳು ಮರೆಯುವುದಿಲ್ಲ.

ಈ ವಾದವನ್ನು ಕಾಲವೇ ಹಿಂದೆ ಹಾಕಿದೆ ಎನ್ನುವವರೂ ಇದ್ದಾರೆ. ಜಮಖಂಡಿಯ ಸಲೂನಿನಲ್ಲಿಯೂ ಹುಡುಗರು ಮುಂಗೂದಲಿಗೆ ಕಲರ್ ಹೊಡೆಸಿಕೊಂಡು ಬರುತ್ತಾರೆ, ಅಂಗಡಿಯ ಪೊಟ್ಟಣದ ಮೇಲೆ ಬರ್ಗಂಡಿ ಎಂದಿರುತ್ತದೆ. ಅದು ಫ್ರಾನ್ಸಿನ ದ್ರಾಕ್ಷಾರಸದ ಸೀಮೆಯೊಂದರ ಹೆಸರೆಂದು ಹಚ್ಚುವವನಿಗೂ ಗೊತ್ತಿಲ್ಲ, ಹಚ್ಚಿಸಿಕೊಳ್ಳುವವನಿಗೂ ಗೊತ್ತಿಲ್ಲ. ಇದು ನನ್ನ ಮಾತಿಗೆ ಎದುರಲ್ಲ, ಒತ್ತಾಸೆ. ತಲೆಗಳ ನಡುವೆ ಭೇದ ಹುಟ್ಟಿತು, ಕೂಡಲೇ ಪದ ಹುಡುಕಿಕೊಂಡು ಬಂತು. ಮದರಂಗಿ ಹಚ್ಚಿದ ತಲೆಗಳು ಮೊದಲಿನಿಂದಲೂ ಇದ್ದವು. ಮದರಂಗಿಯ ಕೆಂಪು ಕರಿಗೂದಲಿನ ಮೇಲೆ ಅಷ್ಟಾಗಿ ಕಾಣದು, ನರೆಯ ಮೇಲೆ ಉರಿಯುತ್ತದೆ. ಹಾಗಾಗಿ ನಮ್ಮಲ್ಲಿ ಕೆಂಪು ತಲೆ ಎಂದರೆ ವಯಸ್ಸು, ಸ್ಕಾಟ್ಲೆಂಡಿನಲ್ಲಿ ಹುಟ್ಟು. ಬಣ್ಣವನ್ನು ಮನುಷ್ಯರ ಹೆಸರಾಗಿಸುವ ಚಟದ ಬಗ್ಗೆಯೂ ಮಕ್ಕಳಿಗೆ ಒಂದು ಮಾತು ಹೇಳಬೇಕು. ಹೊಂಗೂದಲಿನ ಹೆಣ್ಣನ್ನು ‘ಎ ಬ್ಲಾಂಡ್’ ಎಂದು ಬರೀ ಕೂದಲಾಗಿಸಿ ಕರೆಯುವುದು ಇಂದು ಅಲ್ಲಿ ಅನೇಕರಿಗೆ ಸೇರುವುದಿಲ್ಲ. ಕರಿಯಾ, ಕೆಂಚ್ಯಾ, ಬೋಳ್ಯಾ ಎಂದು ಕೂಗಿಸಿಕೊಂಡವರಿಗೆ ಅದರ ಉರಿ ಗೊತ್ತಿರುತ್ತದೆ.

ಪಾಠ ಹೇಗಿರಬೇಕು ಎಂದರೆ, ಬಣ್ಣದ ಚೀಟಿಗಳ ಬದಲು ಭೇದಗಳಿಂದ ಶುರುವಾಗಬೇಕು. ಕೊಟ್ಟಿಗೆಯಲ್ಲಿ ಕೆಂದೆತ್ತು ಯಾವುದು, ಅದಕ್ಕೆ ಕೆಂದ ಎಂದೇಕೆ ಹೆಸರು ಎಂದು ಕೇಳಿದ ಮೇಲೆ ರೆಡ್ ಹೇರ್ ಬರಲಿ. ಎರಿ, ಮಸಾರಿಗಳ ಮಾತಾದ ಮೇಲೆ ಬ್ಲಾಂಡ್, ಬ್ರುನೆಟ್ ಬರಲಿ. ಅಜ್ಜನ ಗಡ್ಡದ ನರೆಯಿಂದ ಗ್ರೇ ಬರಲಿ. ಆಮೇಲೆ ಆ ಪೊಲೀಸ್ ಪ್ರಕಟಣೆಯನ್ನೇ ತರಗತಿಗೆ ತಂದು, ಕಪ್ಪು ಕೂದಲು ಎಂಬ ಎರಡು ಪದಗಳನ್ನು ಹೊಡೆದುಹಾಕಿ, ಹುಡುಕುವವನಿಗೆ ನಿಜಕ್ಕೂ ನೆರವಾಗುವಂತೆ ಇಂಗ್ಲಿಷಿನಲ್ಲಿ ಬರೆಯಿರಿ ಎನ್ನಬಹುದು: ಎಣ್ಣೆ ಹಚ್ಚಿದ ಕೂದಲು, ಎಡಕ್ಕೆ ಬೈತಲೆ, ಕಣತಲೆಯ ಹತ್ತಿರ ನರೆ. ಕಡೆಯದನ್ನು ಇಂಗ್ಲಿಷಿನವರು ‘ಗ್ರೇಯಿಂಗ್ ಅಟ್ ದ ಟೆಂಪಲ್ಸ್’ ಎನ್ನುತ್ತಾರೆ. ಟೆಂಪಲ್ ಎಂದರೆ ಕಣತಲೆ ಎಂಬ ಅರ್ಥವೂ ಇದೆ ಎಂದು ಮೇಷ್ಟ್ರು ಮೊದಲೇ ಹೇಳಿಡುವುದು ಒಳ್ಳೆಯದು. ಇಲ್ಲದಿದ್ದರೆ ಕಾಣೆಯಾದವನನ್ನು ಮಕ್ಕಳು ಊರಿನ ಗುಡಿಗಳಲ್ಲೆಲ್ಲ ಹುಡುಕಿ ಬಂದಾರು.